ತಟ್ಟೆಯಲ್ಲಿದ್ದ ಶೇಂಗಾ

ಅವ್ವಾ,

ಈ ಕಾಗದ ನಿನಗೆ ಓದಲು ಬರುವುದಿಲ್ಲ ಎಂದು ನನಗೆ ಗೊತ್ತು. ಬದುಕಿದ್ದಾಗಲೂ ಬರುತ್ತಿರಲಿಲ್ಲ. ರೇಷನ್ ಚೀಟಿಯಿಂದ ಹಿಡಿದು ಆಸ್ಪತ್ರೆಯ ಚೀಟಿಯವರೆಗೆ ಏನು ಸಿಕ್ಕರೂ ನನ್ನ ಮುಂದೆ ಹಿಡಿದು, 'ಏನ್ ಅಂತದ ನೋಡು ಇದು' ಎನ್ನುತ್ತಿದ್ದೆ, ಕಾಗದಕ್ಕೇ ಬಾಯಿ ಇದೆ ಅನ್ನುವ ಹಾಗೆ. ನೀನಿರುವಲ್ಲಿ ಅಕ್ಷರ ಬಲ್ಲವರು ಯಾರಾದರೂ ಸಿಕ್ಕರೆ ಓದಿಸಿಕೋ. ಆದರೆ ಓದುವವರನ್ನು ನಡುವೆ ತಡೆಯಬೇಡ. ಇದರಲ್ಲಿ ಅಡುಗೆಯ ವಿಷಯ ತುಂಬ ಬರುತ್ತದೆ. ಹಾಗಲ್ಲ ಮಾಡುವುದು, ಹೀಗೆ ಎಂದು ನೀನು ಬಾಯಿ ಹಾಕುವವಳೇ.

ನೀನು ಹೋಗಿ ಹನ್ನೊಂದು ತಿಂಗಳಾಯಿತು. ಇನ್ನು ಆರು ದಿನಕ್ಕೆ ಎಳ್ಳ ಅಮಾವಾಸ್ಯೆ. ಚಿಂಚೋಳಿಯ ಸಂತೆಗೆ ಹಸಿ ಕಡಲೆ, ಅವರೆ, ತೊಗರಿಕಾಯಿ ಎಲ್ಲ ಬಂದಿವೆ. ನಿನ್ನೆ ಶಾಲೆ ಬಿಟ್ಟ ಮೇಲೆ ಸಂತೆಯಲ್ಲಿ ನಿಂತು ಮೆಂತ್ಯದ ಸಿವುಡು ಎತ್ತಿ ಮೂಸಿ ನೋಡಿದೆ, ನೀನು ನೋಡುತ್ತಿದ್ದ ಹಾಗೆ. ತೆಗೆದುಕೊಳ್ಳುವುದಿದ್ದರೆ ತೆಗೆದುಕೊಳ್ಳಿ ಟೀಚರ್, ಸುಮ್ಮನೆ ಮೂಸಿ ಇಡಬೇಡಿ ಎಂದು ಮಾರುವವಳು ರೇಗಿದಳು. ಬೇರೆ ದಿನವಾಗಿದ್ದರೆ ನಾನೂ ಎರಡು ಮಾತು ಹೆಚ್ಚೇ ಆಡುತ್ತಿದ್ದೆ, ನನ್ನ ಬಾಯಿ ನಿನಗೆ ಗೊತ್ತಲ್ಲ. ನಿನ್ನೆ ಆಡಲಿಲ್ಲ. ಸಿವುಡು ಇಟ್ಟು ಬಂದೆ. ನಿನ್ನ ಹತ್ತಿರ ಹೇಳಬೇಕಾದದ್ದು ಒಂದು ಉಳಿದುಬಿಟ್ಟಿದೆ. ಇಪ್ಪತ್ತೇಳು ವರ್ಷ ಹೇಳದೆ ಉಳಿಸಿಕೊಂಡಿದ್ದೇನೆ. ಹಬ್ಬಕ್ಕೆ ಮೊದಲು ಅದು ಆಗಿಬಿಡಬೇಕು.

ಆ ಸ್ಟೀಲಿನ ತಟ್ಟೆ ನಿನಗೆ ನೆನಪಿರಲೇಬೇಕು. ಅಪ್ಪ ತೀರಿಕೊಂಡ ಮೇಲೆ ನಾವು ಶಹಾಬಾದ ಬಿಟ್ಟು ವಾಡಿಗೆ ಬಂದೆವು. ನೀನು ಒಂದು ಸಿಮೆಂಟ್ ಕಾರ್ಖಾನೆಯ ಗೆಸ್ಟ್ ಹೌಸಿನಲ್ಲಿ ಅಡುಗೆಗೆ ಸೇರಿದೆ. ಯಾವ ಕಾರ್ಖಾನೆ ಎಂದು ಇಲ್ಲಿ ಬರೆಯುವುದಿಲ್ಲ, ನಮ್ಮ ಸೀಮೆಯಲ್ಲಿ ಅವಕ್ಕೇನು ಬರವೇ. ಅಲ್ಲಿಗೆ ದೂರದ ಊರುಗಳಿಂದ ಎಂಜಿನಿಯರುಗಳು, ದೊಡ್ಡ ಸಾಹೇಬರು ಬಂದು ಇಳಿದುಕೊಳ್ಳುತ್ತಿದ್ದರು. ಹಬ್ಬ ಬಂದರೆ ಅವರಿಗೆ ನಮ್ಮ ಕಡೆಯ ಊಟವೇ ಆಗಬೇಕು, ಆದರೆ ಬಾಯಿಗೆ ಹಾಕುವ ಮೊದಲು ಇದೇನು, ಇದರಲ್ಲಿ ಏನೇನು ಬಿದ್ದಿದೆ ಎಂಬುದು ಇಂಗ್ಲಿಷಿನಲ್ಲಿ ತಿಳಿಯಬೇಕು. ಅದಕ್ಕೆ ಮ್ಯಾನೇಜರ್ ಸಾಹೇಬರು ಊಟದ ಮೇಜಿನ ಮೇಲೆ ಒಂದು ಕಾರ್ಡು ಇಡಿಸುವ ಪದ್ಧತಿ ಮಾಡಿದರು. ಬರೆಯುವವರು ಯಾರು? ನಿನ್ನ ಮಗಳು ಇಂಗ್ಲಿಷ್ ಶಾಲೆಗೆ ಹೋಗುತ್ತಾಳಲ್ಲ ಎಂದು ನಿನ್ನನ್ನೇ ಕೇಳಿದರು. ಆವತ್ತು ನೀನು ಮನೆಗೆ ಬಂದ ನಡಿಗೆಯೇ ಬೇರೆ ಇತ್ತು.

ನಿನಗೆ ಅಕ್ಷರ ಬಾರದು, ನಾನೋ ಒಲೆಯ ಹತ್ತಿರ ಸುಳಿದವಳಲ್ಲ. ಅದಕ್ಕೆ ನೀನೇ ಒಂದು ದಾರಿ ಕಂಡುಹಿಡಿದೆ. ಹಬ್ಬದ ಬೆಳಿಗ್ಗೆ ನನ್ನನ್ನು ಆ ಅಡುಗೆಮನೆಯ ಕಟ್ಟೆಯ ಮೇಲೆ ಕೂರಿಸಿ, ಮುಂದೆ ತಟ್ಟೆ ಇಟ್ಟು, ಒಂದು ಅಡುಗೆಗೆ ಏನೇನು ಹಾಕುತ್ತೀಯೋ ಅದರ ಒಂದೊಂದು ಚಿಟಿಕೆಯನ್ನು ಅಂಚಿನ ಸುತ್ತ ಸಾಲಾಗಿ ಇಡುತ್ತಿದ್ದೆ. ಹೆಚ್ಚು ಹಾಕಿದ್ದು ಮೊದಲು, ಕಡಿಮೆ ಹಾಕಿದ್ದು ಕಡೆಗೆ. ನಾನು ತಟ್ಟೆ ನೋಡಿ ಬರೆಯಬೇಕು. ಆಮೇಲೆ ತಟ್ಟೆ ಒರೆಸಿ ಇನ್ನೊಂದು ಅಡುಗೆಯ ಸಾಮಾನು. ನಿನ್ನದು ಒಂದೇ ನಿಯಮ. 'ತಟ್ಟ್ಯಾಗ ಇದ್ದದ್ದು ಒಂದೂ ಬಿಡಬಾರ್ದು, ಇಲ್ಲಾರದ್ದು ಒಂದೂ ಬರೀಬಾರ್ದು.' ಈಗ ಇಪ್ಪತ್ತು ವರ್ಷದಿಂದ ಮಕ್ಕಳಿಗೆ ಇಂಗ್ಲಿಷ್ ಕಲಿಸುತ್ತಿದ್ದೇನೆ, ಬರವಣಿಗೆಗೆ ಇದಕ್ಕಿಂತ ಒಳ್ಳೆಯ ನಿಯಮ ನನಗೆ ಯಾವ ಪುಸ್ತಕದಲ್ಲೂ ಸಿಕ್ಕಿಲ್ಲ.

ಒಂದು ಸಲ ನೀನು ಎಣ್ಣೆಯ ಖಾಲಿ ಡಬ್ಬಿ ಮನೆಗೆ ತಂದೆ, ಹಿಟ್ಟು ಹಾಕಿಡಲು. ಡಬ್ಬಿಯ ಮೇಲೆ ಶೇಂಗಾ ಕಾಯಿಯ ಚಿತ್ರ, ಅದರ ಕೆಳಗೆ ದೊಡ್ಡ ಅಕ್ಷರ. ಏನಂತದ ಅಂದೆ ನೀನು. ನಾನು ಗ್ರೌಂಡ್‌ನಟ್ ಎಂದು ಓದಿದೆ, ಅಂದರೆ ಶೇಂಗಾ. ನೀನು ಹಿಟ್ಟು ಹತ್ತಿದ ಬೆರಳಿನಿಂದ ಆ ಅಕ್ಷರಗಳ ಮೇಲೆ ಈ ತುದಿಯಿಂದ ಆ ತುದಿಗೆ ಗೆರೆ ಎಳೆದು, ಒಂದು ಸಣ್ಣ ಬೀಜಕ್ಕೆ ಇಷ್ಟುದ್ದ ಹೆಸರು ಬೇಕೇ ಇವರಿಗೆ ಎಂದು ನಕ್ಕೆ. ನಾನೂ ನಕ್ಕೆ. ಅಷ್ಟೇ, ಆಮೇಲೆ ಅದನ್ನು ಮರೆತೆ.

ಭಜ್ಜಿಯ ಕಾರ್ಡು ಬರೆದ ದಿನ ನೆನಪಾಗುತ್ತದೆ. ಮೊದಲ ವರ್ಷದ ಎಳ್ಳ ಅಮಾವಾಸ್ಯೆ ಅದು. ಭಜ್ಜಿ ಅಂದರೆ ಹೊರಗಿನವರು ಎಣ್ಣೆಯಲ್ಲಿ ಕರಿದದ್ದು ಅಂದುಕೊಳ್ಳುತ್ತಾರೆ. ನಮ್ಮದು ಹಾಗಲ್ಲವಲ್ಲ, ಹೊಲದಲ್ಲಿ ಆ ಹೊತ್ತಿಗೆ ಬೆಳೆದ ಸೊಪ್ಪು, ಕಾಯಿ, ಕಾಳು ಎಲ್ಲ ಒಂದೇ ಗಡಿಗೆಯಲ್ಲಿ ಬೆಂದು ಬರಬೇಕು. ನೀನು ಇಟ್ಟ ಚಿಟಿಕೆಗಳಿಗೆ ತಟ್ಟೆಯ ಅಂಚು ಸಾಲಲಿಲ್ಲ. ಗೆಣಸು, ಬದನೆ, ಗಜ್ಜರಿ, ಬೋರೆಹಣ್ಣು, ಹುಣಸೆ... ಬರೆದು ಬರೆದು ಸಾಕಾಗಿ ಕೊನೆಗೆ, 'ಇಡೀ ಹೊಲ ಒಂದೇ ಗಡಿಗೆಯಲ್ಲಿ' ಎಂದು ಇಂಗ್ಲಿಷಿನಲ್ಲಿ ಒಂದು ಸಾಲು ಸೇರಿಸಿದೆ. ಯಾರೋ ಸಾಹೇಬರು ಅದನ್ನು ಓದಿ, ಇದನ್ನು ಬರೆದವರು ಯಾರು ಎಂದು ಕೇಳಿದರಂತೆ. ನೀನು ಆ ಮಾತನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದವಳ ಹಾಗೆ ಮನೆಗೆ ಬಂದು, ಓಣಿಯ ನಾಲ್ಕು ಮನೆಗೆ ಹೇಳಿದೆ. ನನಗೆ ಮಾತ್ರ, ಅಕ್ಷರ ಸ್ವಲ್ಪ ದುಂಡಗೆ ಬರಿ ಅಂದೆ. ನನ್ನ ಎದುರಿಗೆ ಹೊಗಳಿದರೆ ನಿನ್ನ ಗಂಟೇನು ಹೋಗುತ್ತಿತ್ತೋ.

ನನ್ನ ಶಾಲೆಯಲ್ಲೇ ಕಾರ್ಖಾನೆಯ ಸಾಹೇಬರ ಮಕ್ಕಳೂ ಓದುತ್ತಿದ್ದರು. ಒಂಬತ್ತನೆಯ ಇಯತ್ತೆಯಲ್ಲಿದ್ದಾಗ ಅವರಲ್ಲೊಬ್ಬಳು ಗೆಸ್ಟ್ ಹೌಸಿನಲ್ಲಿ ಉಂಡು ಬಂದು, ಕಾರ್ಡಿನ ಮೇಲೆ ಚಟ್ನಿಯಲ್ಲೂ ಗ್ರೌಂಡ್‌ನಟ್, ಪಲ್ಯದಲ್ಲೂ ಗ್ರೌಂಡ್‌ನಟ್, ಹೋಳಿಗೆಯಲ್ಲೂ ಗ್ರೌಂಡ್‌ನಟ್ ಎಂದು ಬರೆದಿತ್ತು, ಅದನ್ನು ಮಾಡುವವಳು ಇವಳ ಅವ್ವ ಎಂದು ಎಲ್ಲರ ಮುಂದೆ ಹೇಳಿದಳು. ನನ್ನ ಊಟದ ಡಬ್ಬಿಯಲ್ಲೂ ದಿನಾ ರೊಟ್ಟಿ, ನೀನು ಕುಟ್ಟಿದ ಶೇಂಗಾ ಚಟ್ನಿಪುಡಿ, ಅದೇ ನಮ್ಮ ಹಿಂಡಿ, ಇರುತ್ತಿತ್ತು. ಆವತ್ತಿನಿಂದ ನನಗೆ ಅದೇ ಹೆಸರಾಯಿತು. ಹಾಜರಿ ಕೂಗುವಾಗ, ಆಟದ ಸಾಲಿನಲ್ಲಿ ನಿಂತಾಗ ಹಿಂದಿನಿಂದ, 'ಗ್ರೌಂಡ್‌ನಟ್'. ನಿನಗೆ ಹೇಳಲಿಲ್ಲ. ಹೇಳಿದ್ದರೆ ನೀನು ಶಾಲೆಗೆ ಬಂದು ಜಗಳ ತೆಗೆಯುತ್ತಿದ್ದೆ, ಅದು ಇನ್ನೂ ನಾಚಿಕೆ. ನಿನ್ನ ಹಿಂಡಿಯನ್ನು ದಾರಿಯಲ್ಲಿ ನಾಯಿಗೆ ಹಾಕಿ ಬರಿಯ ರೊಟ್ಟಿ ತಿಂದ ದಿನಗಳಿವೆ ಅವ್ವಾ. ಇದೂ ನಿನಗೆ ಗೊತ್ತಿತ್ತೇ?

ಆ ವರ್ಷದ ಎಳ್ಳ ಅಮಾವಾಸ್ಯೆಯ ಬೆಳಿಗ್ಗೆ ನೀನು ಅವಸರದಲ್ಲಿದ್ದೆ. ಮಧ್ಯಾಹ್ನದ ಊಟ ಬಡಿಸಿ ಮುಗಿಸಿದರೆ ಸೇಡಂ ಹತ್ತಿರ ಮಾಮನ ಹೊಲಕ್ಕೆ ಹೋಗಬೇಕು, ಹೊತ್ತು ಮುಳುಗುವುದರೊಳಗೆ ಚರಗ ಚೆಲ್ಲಬೇಕು. ಭೂಮಿತಾಯಿಗೆ ಹಬ್ಬದೂಟದ ತುತ್ತು ಎರಚದಿದ್ದರೆ ನಿನಗೆ ಉಂಡ ಅನ್ನ ಮೈಗೆ ಹತ್ತುತ್ತಿರಲಿಲ್ಲ. ಬೇರೆಲ್ಲ ಬರೆದಾಗಿತ್ತು, ನೀನು ಹೋಳಿಗೆಯ ತಟ್ಟೆ ಇಟ್ಟು ಹೋದೆ. ಮೊದಲು ಹುರಿದ ಶೇಂಗಾ ಬೀಜ ನಾಲ್ಕು. ಆಮೇಲೆ ಬೆಲ್ಲ, ಗೋಧಿ ಹಿಟ್ಟು, ಒಂದು ಚಿಟಿಕೆ ಎಳ್ಳು, ಒಂದು ಏಲಕ್ಕಿ. ನಾನು ಆ ನಾಲ್ಕು ಬೀಜ ನೋಡುತ್ತ ಕೂತೆ. ಇದನ್ನು ಬರೆದರೆ ನಾಳೆ ಮತ್ತೆ ಅದೇ ಹೆಸರು. ಬರೆಯಲಿಲ್ಲ. 'ಹುರಿದ ಎಳ್ಳು ಮತ್ತು ಕಬ್ಬಿನ ಬೆಲ್ಲ ತುಂಬಿದ ಹೊನ್ನಿನ ಬಣ್ಣದ ಹಬ್ಬದ ರೊಟ್ಟಿ' ಎಂದು ಸೊಗಸಾದ ಇಂಗ್ಲಿಷಿನಲ್ಲಿ ಬರೆದೆ. ಸುಳ್ಳೇನಲ್ಲವಲ್ಲ, ಎಳ್ಳು ಇದೆಯಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಆ ನಾಲ್ಕು ಬೀಜ ಬಾಯಿಗೆ ಹಾಕಿಕೊಂಡು ಅಗಿದೆ. ನೀನು ಬಂದು ತಟ್ಟೆ ನೋಡಿ, ಎಲ್ಲ ಆಯಿತೇ ಅಂದೆ. ಆಯಿತು ಅಂದೆ ನಾನು. ನೀನು ಕಾರ್ಡು ತೆಗೆದುಕೊಂಡು ಹೋದೆ.

ಮಧ್ಯಾಹ್ನ ನಾನು ಹಬ್ಬದ ಲಂಗ ಉಟ್ಟು ಮನೆಯ ಮುಂದಿನ ಪರಸಿ ಕಲ್ಲಿನ ಮೇಲೆ ನಿನಗಾಗಿ ಕಾಯುತ್ತಿದ್ದೆ. ನೀನು ಬಂದೆ. ಕೈಯಲ್ಲಿ ನಿನ್ನ ಹಳೆಯ ಚೀಲ, ಅದರೊಳಗೆ ಗೆಸ್ಟ್ ಹೌಸಿನಲ್ಲಿ ನೀನು ಇಟ್ಟುಕೊಂಡಿದ್ದ ಸೀರೆ, ಬಾಚಣಿಗೆ, ಆ ತಟ್ಟೆ. ಬೇರೆ ದೇಶದಲ್ಲಿದ್ದು ಬಂದ ಒಬ್ಬ ಎಂಜಿನಿಯರರ ಸಣ್ಣ ಮಗಳಿಗೆ ಹೋಳಿಗೆ ತಿಂದ ಕೂಡಲೇ ಮುಖ ಬಾತು, ಉಸಿರು ಹಿಡಿದು, ಕಾರಿನಲ್ಲಿ ಗುಲಬರ್ಗಾಕ್ಕೆ ಒಯ್ದರು, ಈಗ ಉಸಿರಾಡುತ್ತಿದ್ದಾಳೆ ಎಂದು ಫೋನು ಬಂದಿದೆ ಎಂದು ನಿಂತಲ್ಲೇ ಹೇಳಿದೆ. ಆ ಮಗುವಿಗೆ ಶೇಂಗಾ ಆಗುವುದಿಲ್ಲವಂತೆ, ತಾಯಿ ಕಾರ್ಡನ್ನು ಎರಡು ಸಲ ಓದಿಯೇ ತಿನ್ನಿಸಿದಳಂತೆ. ನಾಳೆಯಿಂದ ಕೆಲಸಕ್ಕೆ ಬರಬೇಡ ಅಂದಿದ್ದಾರೆ ಅಂದೆ. ಆಮೇಲೆ ನನ್ನ ಮುಖ ನೋಡಿ ಕೇಳಿದೆ.

'ಸುಮ್ಮಿ, ತಟ್ಟ್ಯಾಗ ಇದ್ದದ್ದು ಎಲ್ಲಾ ಬರ್ದಿದ್ದಿ ಅಲ್ಲಾ?'

'ಹ್ಞೂಂ. ಎಲ್ಲಾ ಬರ್ದೀನಿ.'

ನೀನು ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸಿದೆ. ಆಮೇಲೆ, ನಡಿ, ಹೊಲಕ್ಕೆ ಹೊತ್ತಾಗುತ್ತದೆ ಅಂದೆ. ಸೇಡಂ ಬಸ್ಸು ಹತ್ತಿದೆವು. ಚಿತ್ತಾಪುರ ದಾಟಿದ ಮೇಲೆ ನಿನ್ನ ತಲೆ ನನ್ನ ಭುಜದ ಮೇಲೆ ಬಿತ್ತು, ನಿದ್ದೆ ಬಂದಿದೆ ಅಂದುಕೊಂಡೆ. ನೀನು ನಂಬಿದೆ ಎಂದೂ ಅಂದುಕೊಂಡೆ. ಸಾಹೇಬರೇ ಏನೋ ಸುಳ್ಳು ಹೇಳಿ ನಿನ್ನನ್ನು ತೆಗೆದರು ಎಂದು ನೀನು ತಿಳಿದಿದ್ದೀಯ, ಅದೇ ಒಳ್ಳೆಯದಾಯಿತು ಎಂದು ಹದಿನಾಲ್ಕರ ನಾನು ಆ ಬಸ್ಸಿನಲ್ಲಿ ಕೂತು ಸಮಾಧಾನ ಮಾಡಿಕೊಂಡೆ. ಎಂಥ ಸಮಾಧಾನ.

ಮುಂದೆ ನೀನು ಯಾರ ಅಡುಗೆಮನೆಗೂ ಹೋಗಲಿಲ್ಲ. ಮನೆಯಲ್ಲೇ ರೊಟ್ಟಿ ಬಡಿದು ವಾಡಿ ಸ್ಟೇಷನ್ನಿನ ರೈಲ್ವೆಯವರಿಗೆ ಕೊಡುತ್ತ ನನ್ನನ್ನು ಓದಿಸಿದೆ. ನಿನ್ನ ರೊಟ್ಟಿಯ ಸಪ್ಪಳಕ್ಕೆ ನನಗೆ ಎಚ್ಚರವಾಗುತ್ತಿತ್ತು. ಎಷ್ಟು ಸಲ ಹೇಳಿಬಿಡಬೇಕು ಎಂದು ಎದ್ದು ಕೂತಿದ್ದೇನೆ. ಪರೀಕ್ಷೆ ಮುಗಿಯಲಿ ಅಂದುಕೊಂಡೆ, ಕೆಲಸ ಸಿಗಲಿ ಅಂದುಕೊಂಡೆ. ಇಂಗ್ಲಿಷ್ ಟೀಚರಾಗಿ ಚಿಂಚೋಳಿಗೆ ಆದೇಶ ಬಂದ ದಿನ ಖಂಡಿತ ಹೇಳಬೇಕು ಎಂದು ಬಂದರೆ, ನೀನು ಆ ಕಾಗದವನ್ನು ತಲೆಕೆಳಗಾಗಿ ಹಿಡಿದುಕೊಂಡು ಅಳುತ್ತಿದ್ದೆ. ಆ ಸಂತೋಷದಲ್ಲಿ ಇದನ್ನು ಹೇಗೆ... ಇಲ್ಲ, ನೆಪ. ಹೇಳುವ ಧೈರ್ಯ ಇರಲಿಲ್ಲ, ಅಷ್ಟೇ.

ಪ್ರತಿ ವರ್ಷ ಎಳ್ಳ ಅಮಾವಾಸ್ಯೆಗೆ ಮಾಮನ ಹೊಲದಲ್ಲಿ ನೀನು ಬುತ್ತಿ ಬಿಚ್ಚುವ ಮೊದಲು ಆ ತಟ್ಟೆ ತೆಗೆದು ನನ್ನ ಮುಂದೆ ಇಡುತ್ತಿದ್ದೆ. ಶೇಂಗಾ, ಬೆಲ್ಲ, ಗೋಧಿ, ಎಳ್ಳು, ಏಲಕ್ಕಿ. ಹೋಳಿಗೆಯ ತಟ್ಟೆ ಮಾತ್ರ, ಬೇರೆ ಯಾವ ಅಡುಗೆಯದೂ ಅಲ್ಲ. ಒಂದು ವರ್ಷ ನಾನು ರೇಗಿದೆ. ಈಗ ಯಾವ ಸಾಹೇಬರಿಗೆ ಬರೆಯಬೇಕವ್ವ ಇದನ್ನು, ತೆಗೆ ಅತ್ತ ಅಂದೆ. 'ಇರ್ಲಿ' ಅಂದೆ ನೀನು. ವಯಸ್ಸಾಯಿತು, ಹಳೆಯ ರೂಢಿ ಬಿಡುವುದಿಲ್ಲ ಎಂದು ಮಾಮನ ಹೆಂಡತಿಯ ಹತ್ತಿರ ನಾನು ನಗಾಡಿದೆ. ನೀನು ಅದನ್ನು ಕೇಳಿಸಿಕೊಂಡೆ. ತಟ್ಟೆಯ ಬೀಜ ಎತ್ತಿ ಚರಗದಲ್ಲಿ ಸೇರಿಸಿದೆ.

ನೀನು ಹೋದ ಮೇಲೆ ವಾಡಿಯ ಖೋಲಿ ಖಾಲಿ ಮಾಡಲು ಬಂದಾಗ ಖಾಜಾಬಿ ಬಂದಿದ್ದಳು. ಗೆಸ್ಟ್ ಹೌಸಿನಲ್ಲಿ ನಿನ್ನ ಜೋಡಿ ಪಾತ್ರೆ ತೊಳೆಯುತ್ತಿದ್ದ ಖಾಜಾಬಿಯೇ. ಮೊಣಕಾಲು ಹಿಡಿದು ಹಿಡಿದು ಹೊಸ್ತಿಲ ಮೇಲೆ ಕೂತು, ನಿನ್ನ ರೊಟ್ಟಿಯ ಹಂಚು ತನಗೆ ನೆನಪಿಗೆ ಬೇಕು ಅಂದಳು. ಕೊಟ್ಟೆ. ಹಂಚು ತೊಡೆಯ ಮೇಲೆ ಇಟ್ಟುಕೊಂಡಳು. ಒಂದು ಮಾತು ಇದೆ, ತಾನು ಬದುಕಿರುವ ತನಕ ಯಾರಿಗೂ ಹೇಳಬಾರದು ಎಂದು ನಿಮ್ಮವ್ವ ಚಂದಮ್ಮ ಆಣೆ ಮಾಡಿಸಿಕೊಂಡಿದ್ದಳು, ಈಗ ಹೇಳಿದರೆ ಆಣೆ ಮುರಿದಂತಾಗುವುದಿಲ್ಲ ಅಂದಳು.

ಅವಳು ಹೇಳಿದ್ದು ಇದು. ಮಗುವನ್ನು ಕಾರಿನಲ್ಲಿ ಹಾಕಿ ಕಳಿಸಿದ ಮೇಲೆ ಮ್ಯಾನೇಜರ್ ಸಾಹೇಬರು ಕಾರ್ಡು ಹಿಡಿದು ಅಡುಗೆಮನೆಗೆ ಬಂದರು. ಇಲ್ಲಿ ಎಳ್ಳು ಎಂದು ಬರೆದಿದೆ, ಹೋಳಿಗೆಯಲ್ಲಿ ಶೇಂಗಾ ಎಲ್ಲಿಂದ ಬಂತು ಎಂದು ಕೇಳಿದರು. ನೀನು ಕಾರ್ಡು ಇಸಿದುಕೊಂಡು ಸಾಮಾನಿನ ಕೋಣೆಗೆ ಹೋದೆ. ಖಾಜಾಬಿ ಹಿಂದೆಯೇ ಬಂದಳು. ಅಲ್ಲಿ ಎಣ್ಣೆಯ ಡಬ್ಬಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಡಬ್ಬಿಯ ಮೇಲಿನ ಆ ಉದ್ದನೆಯ ಹೆಸರಿನ ಮೇಲೆ ಒಂದು ಬೆರಳು, ಕಾರ್ಡಿನ ಮೇಲೆ ಇನ್ನೊಂದು ಬೆರಳು ಇಟ್ಟು, ಸಾಲು ಸಾಲಾಗಿ ಹುಡುಕಿದೆಯಂತೆ. ಸಾಹೇಬರಿಗೆ ಓದಲು ಸಲೀಸಾಗಲಿ ಎಂದು ನಾನು ಕಾರ್ಡನ್ನು ದೊಡ್ಡಕ್ಷರದಲ್ಲೇ ಬರೆಯುತ್ತಿದ್ದೆನಲ್ಲ, ಡಬ್ಬಿಯ ಮೇಲಿದ್ದಂಥವೇ. ಚಟ್ನಿಯ ಸಾಲಿನಲ್ಲಿ ಆ ಶಬ್ದ ಇರಲಿಲ್ಲ, ಅಲ್ಲೂ ನಾನು ಬಿಟ್ಟಿದ್ದೆ. ಹೋಳಿಗೆಯ ಸಾಲಿನಲ್ಲೂ ಇರಲಿಲ್ಲ. ಎರಡನೆಯ ಸಲ ಮೇಲಿನಿಂದ ಹುಡುಕಿದೆಯಂತೆ. ಮೂರನೆಯ ಸಲವೂ.

ಆಮೇಲೆ ಎದ್ದು ಹೊರಗೆ ಬಂದು ಸಾಹೇಬರ ಮುಂದೆ ನಿಂತು, ಹುಡುಗಿಗೆ ಎಳ್ಳು ಎಂದು ಹೇಳಿ ಬರೆಸಿದವಳು ನಾನೇ, ಎಳ್ಳು ಕಡಿಮೆ ಬಿತ್ತು, ಶೇಂಗಾ ತುಂಬಿಬಿಟ್ಟೆ ಅಂದೆಯಂತೆ. ತಟ್ಟೆಯಲ್ಲಿ ಇಲ್ಲದ್ದನ್ನು ನೀನು ಜೀವಮಾನದಲ್ಲಿ ಹೇಳಿದ್ದು ಅದೊಂದೇ ಸಲ ಇರಬೇಕು. ಯಾಕೆ ಹೀಗೆ ಸುಳ್ಳು ಹೇಳಿದೆ ಎಂದು ಖಾಜಾಬಿ ಕೇಳಿದ್ದಕ್ಕೆ ನೀನು ಕೊಟ್ಟ ಉತ್ತರವನ್ನು ಅವಳು ನನಗೆ ಇದ್ದಂತೆಯೇ ಹೇಳಿದಳು.

'ಆಕಿ ಕೈಯಾಗ ಅಕ್ಷರ ಅದ ಖಾಜಾಬಿ, ಅದಕ ಕಲಿ ಹತ್ತಬಾರ್ದು. ನನ್ನ ಕೈಗಿ ಏನದ, ಹಿಟ್ಟ ಹತ್ತಿದ್ದು, ತೊಳದ್ರ ಹೋಗ್ತದ.'

ತೊಳೆದರೆ ಹೋಗಲಿಲ್ಲ ಅವ್ವಾ. ಖಾಜಾಬಿ ಏಳುವಾಗ ಇನ್ನೊಂದು ಮಾತು ಹೇಳಿದಳು, ಹೇಳಲೋ ಬೇಡವೋ ಎಂದು ತಡೆದು ತಡೆದು. ಆ ಅಡುಗೆಮನೆಯಲ್ಲಿ ಈಗಲೂ ಒಂದು ಮಾತು ಉಳಿದಿದೆಯಂತೆ. ತುಪ್ಪದ ಬದಲು ಡಾಲ್ಡಾ ಹಾಕಿದರೆ, ಹೊಸ ಅಕ್ಕಿಗೆ ಹಳೆಯದನ್ನು ಬೆರೆಸಿದರೆ, 'ಏನಿದು, ಚಂದಮ್ಮನ ಎಳ್ಳೇನು' ಎನ್ನುತ್ತಾರಂತೆ. ನಿನ್ನ ಮುಖ ನೋಡದ ಹುಡುಗಿಯರೂ ಅನ್ನುತ್ತಾರಂತೆ. ಒಂದು ಚಿಟಿಕೆ ಹೆಚ್ಚು ಕಡಿಮೆ ಆದರೆ ಉಣ್ಣುವವರಿಗೆ ನೀನೇ ಹೇಳುತ್ತಿದ್ದೆ, ಅಂಥ ನಿನ್ನ ಹೆಸರು ಮೋಸಕ್ಕೆ ಗಾದೆಯ ಹಾಗೆ ಉಳಿದುಬಿಟ್ಟಿತು. ನಾನು ಖಾಲಿ ಖೋಲಿಯಲ್ಲಿ ಗೋಡೆಗೆ ಒರಗಿ ಅತ್ತೆ. ನೀನು ಸತ್ತ ದಿನ ಕೂಡ ಹಾಗೆ ಅತ್ತಿರಲಿಲ್ಲ.

ನೀನು ಎಲ್ಲ ತಿಳಿದೇ ನನ್ನನ್ನು ಆವತ್ತು ಕೇಳಿದೆ, ಅಲ್ಲವೇ? ಕಾರ್ಡು ನೋಡಿ ಆಗಿತ್ತು, ಸುಳ್ಳು ಹೇಳಿ ಆಗಿತ್ತು, ಕೆಲಸ ಹೋಗಿ ಆಗಿತ್ತು. ಆದರೂ ಎಲ್ಲ ಬರೆದಿದ್ದೆಯಲ್ಲ ಎಂದು ಕೇಳಿದೆ. ನನ್ನ ಬಾಯಿಂದ ಇಲ್ಲವ್ವ ಎಂಬ ಒಂದು ಮಾತಿಗೆ ಕಾದೆ. ಆಮೇಲೆ ಪ್ರತಿ ವರ್ಷ ಹೊಲದಲ್ಲಿ ತಟ್ಟೆ ಇಟ್ಟದ್ದೂ ಅದಕ್ಕೇನಾ? ಇಪ್ಪತ್ತಾರು ಸಲ? ನಾನು ರೂಢಿ ಅಂದೆ, ಮುಪ್ಪು ಅಂದೆ, ನಗಾಡಿದೆ...

ಅದಾದ ಮೇಲೆ ನನ್ನ ತರಗತಿಯಲ್ಲಿ ಒಂದು ದಿನ ಹೀಗಾಯಿತು. ಹತ್ತನೆಯ ತರಗತಿಗೆ, ನಿಮ್ಮ ಮನೆಯ ಹಬ್ಬದ ಊಟದ ಬಗ್ಗೆ ಇಂಗ್ಲಿಷಿನಲ್ಲಿ ಬರೆಯಿರಿ ಎಂದು ಕೊಟ್ಟಿದ್ದೆ. ಚಂದ್ರಂಪಳ್ಳಿ ಕಡೆಯ ತಾಂಡಾದ ಹುಡುಗಿಯೊಬ್ಬಳು, ದೀಪಾವಳಿಗೆ ನಾವು ಕೇಕ್ ಮತ್ತು ಚಾಕೊಲೇಟ್ ತಿಂದೆವು ಎಂದು ಬರೆದಿದ್ದಳು. ಸುಳ್ಳು ಬರೆಯುತ್ತೀಯಾ ಎಂದು ಗದರಿದೆ. ಅವಳು ತಲೆ ತಗ್ಗಿಸಿ, ಲಾಪಸಿಗೆ ಇಂಗ್ಲಿಷಿನಲ್ಲಿ ಚೆಂದ ಹೆಸರಿಲ್ಲರೀ ಮೇಡಂ ಅಂದಳು. ಅವಳನ್ನು ಕೂರಿಸಿ, ಮಾರನೆಯ ದಿನ ಎಲ್ಲರೂ ಮನೆಯಿಂದ ಒಂದು ತಟ್ಟೆ ತರಬೇಕು, ನಿಮ್ಮ ಹಬ್ಬದ ಅಡುಗೆಗೆ ಬೀಳುವ ಒಂದೊಂದು ಸಾಮಾನಿನ ಚಿಟಿಕೆ ಅದರಲ್ಲಿ ಇರಬೇಕು ಅಂದೆ. ತಂದರು. ಲಾಪಸಿಯ ಗೋಧಿ ರವೆ, ಬೆಲ್ಲ ಇಟ್ಟುಕೊಂಡು ಆ ಹುಡುಗಿ ಬರೆದ ಐದು ಸಾಲು, ನನ್ನ 'ಹೊನ್ನಿನ ಬಣ್ಣದ ರೊಟ್ಟಿ'ಗಿಂತ ಎಷ್ಟೋ ಚೆನ್ನಾಗಿದ್ದವು. ಮಕ್ಕಳಿಗೆ ನಿನ್ನ ನಿಯಮ ಹೇಳಿದೆ. ಅದನ್ನು ಮುರಿದವಳು ಯಾರು ಎಂಬುದನ್ನೂ ಹೇಳಿದೆ. ತರಗತಿಯಲ್ಲಿ ಒಬ್ಬರೂ ನಗಲಿಲ್ಲ.

ಹೋದ ವಾರ ಆ ಗೆಸ್ಟ್ ಹೌಸಿಗೆ ಹೋಗಿದ್ದೆ. ನಡೆದದ್ದೆಲ್ಲವನ್ನೂ ಒಂದು ಪುಟ ಇಂಗ್ಲಿಷಿನಲ್ಲಿ ಬರೆದು ಒಯ್ದಿದ್ದೆ, ಯಾರು ಏನು ಹಾಕಿದರು, ಯಾರು ಏನು ಬಿಟ್ಟರು ಎಂಬುದನ್ನೂ. ಈಗಿನ ಮ್ಯಾನೇಜರು ಚಿಕ್ಕ ವಯಸ್ಸಿನವನು, ಹೊರಗಿನವನು. ಕೂರಿಸಿ, ಚಹಾ ತರಿಸಿ, ಪೂರ್ತಿ ಓದಿದ. ಬಹಳ ಚೆನ್ನಾಗಿ ಬರೆದಿದ್ದೀರಿ ಮೇಡಂ, ಆದರೆ ಆಗಿನವರು ಈಗ ಇಲ್ಲಿ ಯಾರೂ ಇಲ್ಲ, ನಾನು ಏನು ಮಾಡಲಿ ಎಂದು ಕೇಳಿದ. ಚೆನ್ನಾಗಿ ಬರೆದಿದ್ದೀರಿ! ಇದೇ ಮಾತಿಗೆ ಹಿಗ್ಗಿ ಅಲ್ಲವ್ವಾ ನಾನು ಕೆಟ್ಟದ್ದು. ನೀವೇನೂ ಮಾಡುವುದು ಬೇಡ, ಅಡುಗೆಮನೆಗೆ ಹೋಗಲು ಬಿಡಿ ಅಂದೆ.

ಕಟ್ಟೆ ಅದೇ ಇದೆ. ಮೇಲೆ ಹೊಸ ಕಲ್ಲು ಹಾಕಿದ್ದಾರೆ. ಇಬ್ಬರು ಹೆಂಗಸರು ರೊಟ್ಟಿ ಬಡಿಯುತ್ತಿದ್ದರು, ಒಬ್ಬಳು ಹಿರಿಯಳು, ಒಬ್ಬಳು ಈಚಿನವಳು. ನಾನು ಚಂದಮ್ಮನ ಮಗಳು ಅಂದ ಕೂಡಲೇ ಕಿರಿಯಳು ಹಿರಿಯಳ ಮುಖ ನೋಡಿದಳು. ನಾನು ಬರೆದದ್ದನ್ನು ತೆಗೆಯಲಿಲ್ಲ, ಬಾಯಿಂದಲೇ ಹೇಳಿದೆ. ನಮ್ಮವ್ವ ತಟ್ಟೆಯಲ್ಲಿ ಶೇಂಗಾ ಎಲ್ಲಕ್ಕಿಂತ ಮೊದಲು ಇಟ್ಟಿದ್ದಳು, ನಾಚಿಕೆಗೆ ಬರೆಯದೆ ಬಿಟ್ಟವಳು ನಾನು, ನನ್ನನ್ನು ಉಳಿಸಲು ತಪ್ಪು ತನ್ನ ಮೇಲೆ ಹಾಕಿಕೊಂಡವಳು ಅವಳು ಅಂದೆ. ಹಿರಿಯಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನನ್ನು ಮೇಲಿನಿಂದ ಕೆಳಗಿನ ತನಕ ನೋಡಿದಳು.

'ಇಷ್ಟ ದಿನಾ ಎಲ್ಲಿದ್ದಿ ಯವ್ವಾ ನೀ?'

ವಾಡಿಗೂ ಚಿಂಚೋಳಿಗೂ ಏನು ಮಹಾ ದೂರ. ನಾನು ಅಲ್ಲೇ ನಿಂತು ಸೆರಗಿನಿಂದ ಮುಖ ಒರೆಸಿಕೊಂಡೆ. ಅವಳು ಹಂಚಿನ ಮೇಲಿನ ರೊಟ್ಟಿ ಮಗುಚಿ ಹಾಕಿ, ಇನ್ನು ಮೇಲೆ ಆ ಮಾತು ಈ ಮನೆಯಲ್ಲಿ ಆಡಕೂಡದು ಎಂದು ಕಿರಿಯಳಿಗೆ ಹೇಳಿದಳು. ನನಗೆ ಕುಳಿತುಕೋ ಅನ್ನಲಿಲ್ಲ. ಅನ್ನದೇ ಇದ್ದದ್ದೇ ಸರಿ. ಬರುವಾಗ ಸಾಮಾನಿನ ಕೋಣೆಯ ಬಾಗಿಲಲ್ಲಿ ಇಣುಕಿ ನೋಡಿದೆ. ಈಗ ಎಣ್ಣೆ ಪ್ಲಾಸ್ಟಿಕ್ ಕ್ಯಾನಿನಲ್ಲಿ ಬರುತ್ತದೆ, ಆ ಡಬ್ಬಿಗಳಿಲ್ಲ. ನೀನು ಕೂತು ಹುಡುಕಿದ ಜಾಗದಲ್ಲಿ ಈರುಳ್ಳಿ ಚೀಲ ಇತ್ತು.

ಆರು ದಿನ ಕಳೆದರೆ ಬರುತ್ತೇನೆ. ಮಾಮನ ಹೊಲದಲ್ಲಿ, ಕಾಗಿಣಾ ಹೊಳೆಯ ಕಡೆಯ ಬದುವಿನ ಮೇಲೆ ನಿನ್ನನ್ನು ಮಣ್ಣು ಮಾಡಿದ್ದೇವೆ, ಈ ಸಲ ಜೋಳ ಅಲ್ಲಿಯ ತನಕ ಎದೆಯುದ್ದ ಬಂದಿದೆಯಂತೆ. ಹೋಳಿಗೆ ನಾನೇ ಮಾಡುತ್ತೇನೆ. ಸೀಯುತ್ತದೆ, ಅಂಚು ಹರಿಯುತ್ತದೆ, ಬೈದುಕೋ. ಚರಗ ಚೆಲ್ಲುವ ಮೊದಲು ನಿನ್ನ ತಲೆಯ ಹತ್ತಿರ ಆ ತಟ್ಟೆ ಇಡುತ್ತೇನೆ, ಸಾಮಾನು ಸಾಲಾಗಿ, ನೀನು ಇಡುತ್ತಿದ್ದ ಕ್ರಮದಲ್ಲೇ. ಪಕ್ಕದಲ್ಲಿ ಕಾರ್ಡು ಇರುತ್ತದೆ. ಅದನ್ನು ನಿನ್ನೆಯೇ ಬರೆದು ಮುಗಿಸಿದ್ದೇನೆ, ಇಂಗ್ಲಿಷಿನಲ್ಲಿ, ಡಬ್ಬಿಯ ಮೇಲಿದ್ದಂಥ ದೊಡ್ಡ ದೊಡ್ಡ ಅಕ್ಷರದಲ್ಲಿ. ತಟ್ಟೆಯಲ್ಲಿರುವುದು ಒಂದೂ ಬಿಟ್ಟಿಲ್ಲ. ಬೆಲ್ಲ, ಗೋಧಿ, ಎಳ್ಳು, ಏಲಕ್ಕಿ, ಇವನ್ನೆಲ್ಲ ಯಾರಿಂದಲಾದರೂ ಓದಿಸಿಕೋ. ಮೊದಲನೆಯ ಶಬ್ದವನ್ನು ಮಾತ್ರ ನೀನೇ ಓದು.

ನಿನ್ನ,
ಸುಮ್ಮಿ